ಆನೆ ನಡೆದದ್ದೇ ದಾರಿಯೆ?

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಏಳು ದೇಶಗಳ ಧುರೀಣರು ಒಂದೆಡೆ ಸೇರಿದ್ದರು. ಬಾಂಗ್ಲಾದೇಶದ ಅಧ್ಯಕ್ಷ ಎರ್ಷಾದ್, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಮಾಲ್ಡೀವ್ಸ್‌ನ ಅಧ್ಯಕ್ಷ ಗಯೂಮ್, ನೇಪಾಳದ ದೊರೆ ಬೀರೇಂದ್ರ, ಪಾಕಿಸ್ತಾನದ ಪ್ರಧಾನಿ ಜುನೇಜೊ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಆತಿಥೇಯರಾಗಿ ನಮ್ಮ ಪ್ರಧಾನಿ ರಾಜೀವ್ ಗಾಂಧಿ. ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘ, ಅಂದರೆ ‘ಸಾರ್ಕ್’ನ ಎರಡನೆಯ ಶೃಂಗಸಭೆ ಅದು. ಸಂಘಕ್ಕೊಂದು ಕಾಯಂ ಕಾರ್ಯಾಲಯ ಬೇಕು, ಅದು ಕಠ್ಮಂಡುವಿನಲ್ಲಿ ಇರಬೇಕು ಎಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲೇ.

ಸಭೆಯೊಳಗಿನ ಕಲಾಪ ಇಷ್ಟಾದರೆ ಹೊರಗೆ ಬೇರೆಯೇ ಒಂದು ಮಾತುಕತೆ ನಡೆದಿತ್ತು. ಶ್ರೀಲಂಕಾದ ತಮಿಳರ ಪ್ರಶ್ನೆಯನ್ನು ಕುರಿತು ರಾಜೀವ್ ಗಾಂಧಿ ಜಯವರ್ಧನೆಯವರೊಡನೆ ಚರ್ಚಿಸುತ್ತಿದ್ದರು. ಎಲ್‌ಟಿಟಿಇ ನಾಯಕ ಪ್ರಭಾಕರನ್‌ರನ್ನು ಮದರಾಸಿನಿಂದ ಬೆಂಗಳೂರಿಗೆ ಕರೆಸಿ ಒಪ್ಪಿಸುವ ಯತ್ನವೂ ನಡೆಯಿತು, ಅದು ಫಲಿಸಲಿಲ್ಲ. ಶೃಂಗಸಭೆಯ ಕಾರ್ಯಸೂಚಿಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಎರಡು ದೇಶಗಳ ನಡುವಣ ತಂಟೆಗಳನ್ನು ಸಭೆಗೆ ತರಕೂಡದೆಂದು ಸಂಘದ ಸನ್ನದೇ ವಿಧಿಸಿತ್ತು.

‘ಆನೆ ನಡೆದದ್ದೇ ದಾರಿ’ ಎಂಬುದು ನಮ್ಮ ಗಾದೆ. ದೊಡ್ಡ ದೇಶವೊಂದು ಮುಂದೆ ನಡೆದರೆ ಸುತ್ತಣ ಸಣ್ಣ ದೇಶಗಳು ಹಿಂದೆ ಬಂದು, ದಾರಿ ತಾನಾಗಿ ಮೂಡುತ್ತದೆಂದು ನಂಬಿದವರು ಬಹಳ ಮಂದಿ. ದಕ್ಷಿಣ ಏಷ್ಯಾದ ಕಳೆದ ನಾಲ್ಕು ದಶಕಗಳ ಚರಿತ್ರೆ ಈ ಗಾದೆಯನ್ನು ಪರೀಕ್ಷೆಗೆ ಒಡ್ಡಿದೆ.

ನಕ್ಷೆಯಲ್ಲೇ ಇರುವ ತೊಡಕು

ಮೊದಲು ನಕ್ಷೆಯನ್ನು ಒಮ್ಮೆ ನೋಡಬೇಕು. ಸಾರ್ಕ್ ಹುಟ್ಟಿದಾಗ ಇದ್ದ ಏಳು ಸದಸ್ಯ ರಾಷ್ಟ್ರಗಳಲ್ಲಿ ಪಾಕಿಸ್ತಾನ, ನೇಪಾಳ, ಭೂತಾನ, ಬಾಂಗ್ಲಾದೇಶ ಈ ನಾಲ್ಕಕ್ಕೂ ಭಾರತದೊಡನೆ ನೆಲದ ಗಡಿ ಇದೆ. ಶ್ರೀಲಂಕಾ, ಮಾಲ್ಡೀವ್ಸ್ ಎರಡೂ ನಮ್ಮ ಕಡಲಿನಾಚೆಯ ನೆರೆ. ಆದರೆ ಈ ಆರು ದೇಶಗಳಲ್ಲಿ ಯಾವ ಎರಡಕ್ಕೂ ಪರಸ್ಪರ ನೆಲದ ಗಡಿ ಇಲ್ಲ. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಇರುವುದು ಸಿಲಿಗುರಿಯ ಬಳಿಯ ಕಿರಿದಾದ ಪಟ್ಟಿ. ಅದನ್ನು ದಾಟಲು ಭಾರತದ ಒಪ್ಪಿಗೆ ಬೇಕು. ಆ ಪಟ್ಟಿಯ ಮೂಲಕ ನೇಪಾಳದ ಸರಕು ಬಾಂಗ್ಲಾ ಗಡಿ ತಲುಪುವ ದಾರಿ ತೆರೆದದ್ದು 1997ರಲ್ಲಿ. 2007ರಲ್ಲಿ ಅಫ್ಘಾನಿಸ್ತಾನ ಎಂಟನೆಯ ಸದಸ್ಯನಾಗಿ ಬಂದ ಮೇಲಷ್ಟೇ ಪಾಕಿಸ್ತಾನಕ್ಕೆ ಸಂಘದೊಳಗೆ ಇನ್ನೊಂದು ಗಡಿನೆರೆ ಸಿಕ್ಕಿತು.

ಗಾತ್ರದ ಮಾತೂ ಹೀಗೆಯೇ. ಪ್ರದೇಶದ ಜನರಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದವರು. ಒಟ್ಟು ಉತ್ಪನ್ನದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಭಾರತದ್ದು. ಯುರೋಪಿನ ಒಕ್ಕೂಟ ಆರಂಭವಾದಾಗ ಅಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ ಎಂಬ ಮೂರು ದೊಡ್ಡ ದೇಶಗಳಿದ್ದವು. ಒಂದರ ತೂಕವನ್ನು ಇನ್ನೊಂದು ಸರಿದೂಗಿಸುತ್ತಿತ್ತು. ದಕ್ಷಿಣ ಏಷ್ಯಾದ ತಕ್ಕಡಿಯಲ್ಲಿ ಒಂದೇ ತಟ್ಟೆಗೆ ಎಲ್ಲ ಭಾರ. ಭಾರತವಿಲ್ಲದೆ ಇಲ್ಲಿ ಯಾವ ಸಹಕಾರವೂ ಸಾಧ್ಯವಿಲ್ಲ. ಭಾರತ ಮುಂದೆ ನಿಂತರೆ ಉಳಿದವರಿಗೆ ಅದು ಸಹಕಾರದಂತೆ ಕಾಣುವುದಿಲ್ಲ.

ಒಂದಾಗಿದ್ದದ್ದು ಬೇರೆಯಾದ ಬಗೆ

ದಕ್ಷಿಣ ಏಷ್ಯಾದ ಸಹಕಾರವೆಂದರೆ ಹೊಸದಾಗಿ ಏನನ್ನೋ ಕಟ್ಟುವ ಕೆಲಸವೆಂದು ತಿಳಿಯುವುದು ಪೂರ್ತಿ ಸರಿಯಲ್ಲ. 1947ಕ್ಕೆ ಮೊದಲು ಉಪಖಂಡದ ಬಹುಭಾಗದಲ್ಲಿ ಒಂದೇ ರೈಲು ಜಾಲ, ಒಂದೇ ರೂಪಾಯಿ, ಒಂದೇ ಮಾರುಕಟ್ಟೆ ಇದ್ದವು. ಪೂರ್ವ ಬಂಗಾಳದ ಗದ್ದೆಗಳಲ್ಲಿ ಬೆಳೆದ ಸೆಣಬು ಕಲ್ಕತ್ತಾದ ಸುತ್ತಣ ಗಿರಣಿಗಳಲ್ಲಿ ಗೋಣಿಯಾಗುತ್ತಿತ್ತು. ವಿಭಜನೆಯ ಗೆರೆ ಗದ್ದೆಯನ್ನು ಒಂದು ದೇಶಕ್ಕೆ, ಗಿರಣಿಯನ್ನು ಇನ್ನೊಂದಕ್ಕೆ ಹಂಚಿತು.

ಆಗಲೂ ವ್ಯಾಪಾರ ತಕ್ಷಣ ನಿಲ್ಲಲಿಲ್ಲ. 1949ರ ಸೆಪ್ಟೆಂಬರ್‌ನಲ್ಲಿ ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿತು; ಪಾಕಿಸ್ತಾನ ಇಳಿಸಲಿಲ್ಲ. ವಿನಿಮಯದ ದರದ ಜಗಳದಲ್ಲಿ ಅತ್ತ ಸೆಣಬು, ಇತ್ತ ಕಲ್ಲಿದ್ದಲು ಎರಡೂ ನಿಂತವು. ಕಲ್ಕತ್ತಾದ ಗಿರಣಿಗಳು ಬೇರೆಡೆಯ ಸೆಣಬು ಹುಡುಕಿದವು, ಪಾಕಿಸ್ತಾನ ತನ್ನದೇ ಗಿರಣಿಗಳನ್ನು ಕಟ್ಟಿತು. ಬಂಗಾಳದ ಎರಡು ಭಾಗಗಳ ನಡುವೆ ಓಡುತ್ತಿದ್ದ ರೈಲುಗಳು 1965ರ ಯುದ್ಧದೊಂದಿಗೆ ನಿಂತುಹೋದವು. ಕಲ್ಕತ್ತಾ ಮತ್ತು ಢಾಕಾ ನಡುವೆ ಮತ್ತೆ ಪ್ರಯಾಣಿಕರ ರೈಲು ಓಡಲು 2008ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಅದಕ್ಕೆ ‘ಮೈತ್ರಿ ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟರು.

ಎರಡು ಭಯಗಳ ಸನ್ನದು

ಈ ಒಡಕನ್ನು ಹೊಲಿಯುವ ಮೊದಲ ಮಾತು ದೆಹಲಿಯಿಂದ ಬರಲಿಲ್ಲ ಎಂಬುದು ಗಮನಾರ್ಹ. 1980ರ ಮೇ ತಿಂಗಳಲ್ಲಿ ನೆರೆದೇಶಗಳ ನಾಯಕರಿಗೆ ಪತ್ರ ಬರೆದು ಪ್ರಾದೇಶಿಕ ಸಹಕಾರದ ಸಲಹೆ ಮುಂದಿಟ್ಟವರು ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರಹಮಾನ್. ಮರುವರ್ಷ ಚಿತ್ತಗಾಂಗ್‌ನಲ್ಲಿ ಅವರ ಹತ್ಯೆಯಾಯಿತು, ಸಲಹೆ ಉಳಿಯಿತು. ಸಣ್ಣ ದೇಶಗಳು ಅದನ್ನು ಬೇಗ ಒಪ್ಪಿದವು. ಅನುಮಾನಪಟ್ಟದ್ದು ಎರಡು ದೊಡ್ಡ ದೇಶಗಳು. ಸಣ್ಣವರೆಲ್ಲ ಒಟ್ಟಾಗಿ ತನ್ನ ಮೇಲೆ ಗುಂಪು ಕಟ್ಟಿದರೆ ಏನು ಗತಿ ಎಂಬುದು ಭಾರತದ ಚಿಂತೆ. ಸಂಘದ ಹೆಸರಿನಲ್ಲಿ ಭಾರತದ ಯಜಮಾನಿಕೆಯೂ ಭಾರತದ ಸರಕೂ ಒಳಗೆ ಬಂದರೆ ಏನು ಗತಿ ಎಂಬುದು ಪಾಕಿಸ್ತಾನದ ಚಿಂತೆ.

1981ರಲ್ಲಿ ವಿದೇಶಾಂಗ ಕಾರ್ಯದರ್ಶಿಗಳು ಕೊಲಂಬೊದಲ್ಲಿ, 1983ರಲ್ಲಿ ವಿದೇಶಾಂಗ ಸಚಿವರು ದೆಹಲಿಯಲ್ಲಿ ಸೇರಿದರು. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸನ್ನದಿಗೆ ಸಹಿಯಾಯಿತು. ಅದರ ಹತ್ತನೆಯ ವಿಧಿ ಎರಡು ಮಾತು ಹೇಳುತ್ತದೆ. ಒಂದು, ಯಾವ ತೀರ್ಮಾನವೂ ಸರ್ವಾನುಮತದಿಂದ ಆಗಬೇಕು. ಎರಡು, ದ್ವಿಪಕ್ಷೀಯ ಹಾಗೂ ವಿವಾದಾಸ್ಪದ ವಿಷಯಗಳನ್ನು ಚರ್ಚಿಸಕೂಡದು. ಮೊದಲ ಮಾತು ಸಣ್ಣವರಿಗೆ ದೊಡ್ಡವನಿಂದ ರಕ್ಷಣೆ. ಎರಡನೆಯದು ದೊಡ್ಡವನಿಗೆ ಸಣ್ಣವರ ಒಗ್ಗಟ್ಟಿನಿಂದ ರಕ್ಷಣೆ. ಹೀಗೆ ಎರಡು ಭಯಗಳು ಒಂದೇ ವಿಧಿಯಲ್ಲಿ ಮೈಯುಡುಗಿ ಕುಳಿತವು.

ಇದರ ಪರಿಣಾಮ ಬೇಗನೆ ಗೋಚರಿಸಿತು. ವರ್ಷಕ್ಕೊಮ್ಮೆ ಶೃಂಗಸಭೆ ನಡೆಯಬೇಕೆಂದು ಸನ್ನದು ಹೇಳಿತ್ತು. 1985ರಿಂದ 2014ರವರೆಗಿನ 29 ವರ್ಷಗಳಲ್ಲಿ ನಡೆದದ್ದು 18. ಒಬ್ಬರು ಬರುವುದಿಲ್ಲವೆಂದರೂ ಸಭೆ ನಿಲ್ಲುತ್ತದೆ. ಪಾಕಿಸ್ತಾನದಲ್ಲಿ 1999ರ ಅಕ್ಟೋಬರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಭಾರತದ ನಿಲುವಿನಿಂದಾಗಿ ಕಠ್ಮಂಡು ಸಭೆ ಮುಂದಕ್ಕೆ ಹೋಗಿ, 2002ರ ಜನವರಿಯಲ್ಲಿ ನಡೆಯಿತು. 2005ರ ಫೆಬ್ರವರಿಯ ಢಾಕಾ ಸಭೆಗೆ ಭಾರತ ಒಲ್ಲೆನೆಂದಿತು; ಅದು ನವೆಂಬರ್‌ಗೆ ಸರಿಯಿತು. 2016ರ ಸೆಪ್ಟೆಂಬರ್‌ನ ಉರಿ ದಾಳಿಯ ನಂತರ ಭಾರತ ಇಸ್ಲಾಮಾಬಾದ್ ಸಭೆಯಿಂದ ಹಿಂದೆ ಸರಿದಾಗ ಬಾಂಗ್ಲಾದೇಶ, ಭೂತಾನ, ಅಫ್ಘಾನಿಸ್ತಾನಗಳೂ ಸರಿದವು. ಅಲ್ಲಿಂದೀಚೆಗೆ ಶೃಂಗಸಭೆಯೇ ನಡೆದಿಲ್ಲ. ಭಾರತ ಕೊಟ್ಟ ಕಾರಣಗಳು ಹುರುಳಿಲ್ಲದವಾಗಿರಲಿಲ್ಲ. ಆದರೆ ಅವುಗಳ ಒಟ್ಟು ಲೆಕ್ಕ ಒಂದು ಸತ್ಯವನ್ನು ಹೇಳುತ್ತದೆ: ಸಂಘದ ಬಂಡಿಯನ್ನು ನಿಲ್ಲಿಸುವ ಬಲ ದೊಡ್ಡ ದೇಶಕ್ಕೆ ಧಾರಾಳವಾಗಿದೆ, ಎಳೆಯುವ ಬಲ ಅಷ್ಟಿಲ್ಲ.

ಒತ್ತಡದ ಫಲ

ಮಾತಿನಿಂದ ಆಗದ್ದು ಒತ್ತಡದಿಂದ ಆದೀತೆ? ಅದನ್ನೂ ನಮ್ಮ ದೇಶ ಪ್ರಯತ್ನಿಸಿ ನೋಡಿದೆ.

ಬೆಂಗಳೂರಿನ ಸಭೆ ಮುಗಿದು ಏಳು ತಿಂಗಳೂ ಆಗಿರಲಿಲ್ಲ. 1987ರ ಜೂನ್ 4ರಂದು ಭಾರತದ ವಿಮಾನಗಳು ಶ್ರೀಲಂಕಾ ಸರ್ಕಾರದ ವಿರೋಧವನ್ನು ಲೆಕ್ಕಿಸದೆ ಜಾಫ್ನಾದ ಮೇಲೆ ಪರಿಹಾರ ಸಾಮಗ್ರಿ ಉದುರಿಸಿದವು. ಜುಲೈ 29ರಂದು ರಾಜೀವ್ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಮಾಡಿದರು. ಶಾಂತಿಪಾಲನಾ ಪಡೆ ದ್ವೀಪಕ್ಕೆ ಇಳಿಯಿತು. ಶಾಂತಿ ಪಾಲಿಸಲು ಹೋದವರು ಎಲ್‌ಟಿಟಿಇಯೊಡನೆ ಯುದ್ಧ ಮಾಡಬೇಕಾಯಿತು; ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಪ್ರಾಣ ತೆತ್ತರು. 1989ರಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸ ಪಡೆಯನ್ನು ವಾಪಸು ಕರೆಸಿಕೊಳ್ಳಿ ಎಂದರು. ತಮ್ಮ ನೆಲದಲ್ಲಿ ಭಾರತದ ಸೇನೆ ಇರುವಾಗ ಸಾರ್ಕ್ ಸಭೆಯ ಆತಿಥ್ಯ ವಹಿಸಲು ಅವರು ಒಪ್ಪಲಿಲ್ಲ. ಆ ವರ್ಷ ಶೃಂಗಸಭೆ ನಡೆಯಲೇ ಇಲ್ಲ. ಪಡೆಯ ಕೊನೆಯ ತುಕಡಿ ದ್ವೀಪ ಬಿಟ್ಟದ್ದು 1990ರ ಮಾರ್ಚ್‌ನಲ್ಲಿ.

ಅದೇ 1989ರ ಮಾರ್ಚ್ 23ರಂದು ನೇಪಾಳದೊಡನೆ ಇದ್ದ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ತೀರಿತು. ಚೀನಾದಿಂದ ನೇಪಾಳ ಶಸ್ತ್ರಾಸ್ತ್ರ ಕೊಂಡದ್ದು ದೆಹಲಿಗೆ ಹಿಡಿಸಿರಲಿಲ್ಲ. ಒಪ್ಪಂದ ನವೀಕರಣವಾಗಲಿಲ್ಲ, ಗಡಿಯ ಬಹುತೇಕ ದಾರಿಗಳು ಮುಚ್ಚಿದವು. ಸೀಮೆಎಣ್ಣೆ ಸಿಗದ ಜನ ಅಡಿಗೆಗೆ ಕಾಡಿನ ಸೌದೆ ಕಡಿದರು. 2015ರಲ್ಲಿ ಇನ್ನೊಮ್ಮೆ ಅದೇ ಕಥೆ. ಏಪ್ರಿಲ್‌ನ ಭೂಕಂಪ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಆಗ ಮೊದಲು ಓಡಿಹೋಗಿ ನೆರವಾದದ್ದು ಭಾರತ. ಸೆಪ್ಟೆಂಬರ್‌ನಲ್ಲಿ ನೇಪಾಳ ಹೊಸ ಸಂವಿಧಾನ ಜಾರಿಗೆ ತಂದಾಗ ತರಾಯಿಯ ಮಧೇಶಿಗಳು ಪ್ರತಿಭಟಿಸಿದರು, ಗಡಿಯಲ್ಲಿ ಲಾರಿಗಳು ನಿಂತವು. ಇದು ತನ್ನ ದಿಗ್ಬಂಧನವಲ್ಲವೆಂದು ಭಾರತ ಹೇಳಿತು. ನೇಪಾಳದ ಜನ ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಚೀನಾದ ಬಂದರುಗಳ ಮೂಲಕ ಸರಕು ತರಿಸುವ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಹಿಮಾಲಯ ದಾಟಿ ಸಾವಿರಾರು ಕಿಲೋಮೀಟರು ಸಾಗಬೇಕಾದ ಆ ದಾರಿ ಕಲ್ಕತ್ತಾದ ಬಂದರಿಗೆ ಸಮವಾಗಲಾರದು. ಅದು ನೇಪಾಳಕ್ಕೂ ಗೊತ್ತು. ಆದರೂ ಒಂದೇ ಬಾಗಿಲಿನ ಮನೆಯಲ್ಲಿರುವವರಿಗೆ ಹಿತ್ತಲಲ್ಲೊಂದು ಕಿಂಡಿ ಬೇಕೆನಿಸುವುದು ಸಹಜ.

ಇವೆರಡರ ಪಕ್ಕದಲ್ಲಿ ಮಾಲ್ಡೀವ್ಸ್‌ನ ಪ್ರಸಂಗವನ್ನು ಇಟ್ಟು ನೋಡಬೇಕು. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಮಾಲೆಯನ್ನು ಮುತ್ತಿದಾಗ ಅಧ್ಯಕ್ಷ ಗಯೂಮ್ ನೆರವು ಕೋರಿದರು. ಆಗ್ರಾದಿಂದ ಹೊರಟ ಪಡೆ ಅದೇ ರಾತ್ರಿ ಅಲ್ಲಿ ಇಳಿದು ಸರ್ಕಾರವನ್ನು ಉಳಿಸಿತು. ಕೆಲಸ ಮುಗಿಸಿ ಮರಳಿತು. ಅಂದು ಬಲವನ್ನು ಯಾರೂ ಆಕ್ಷೇಪಿಸಲಿಲ್ಲ. ಕರೆದಾಗ ಬಂದದ್ದಕ್ಕೂ ಕರೆಯದೆ ಬಂದದ್ದಕ್ಕೂ ಇರುವ ವ್ಯತ್ಯಾಸ ಅದು. ಉಪಕಾರದ ನೆನಪೂ ಶಾಶ್ವತವೇನಲ್ಲ. ಅದೇ ಮಾಲ್ಡೀವ್ಸ್‌ನಲ್ಲಿ 2023ರಲ್ಲಿ ಭಾರತದ ಸೈನಿಕರನ್ನು ಹೊರಕಳಿಸುವ ಭರವಸೆಯೇ ಚುನಾವಣೆಯ ಒಂದು ಘೋಷಣೆಯಾಯಿತು.

ಕೊಟ್ಟು ನೋಡಿದ ಕಾಲ

ಇನ್ನೊಂದು ದಾರಿಯನ್ನು ಭಾರತ ಹಿಡಿದದ್ದು 1996ರಲ್ಲಿ. ಆಗ ಪ್ರಧಾನಿ ನಮ್ಮವರೇ ಆದ ಎಚ್.ಡಿ. ದೇವೇಗೌಡ, ವಿದೇಶಾಂಗ ಸಚಿವ ಇಂದ್ರಕುಮಾರ್ ಗುಜ್ರಾಲ್. ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾ ಇವುಗಳಿಂದ ಭಾರತ ಪ್ರತಿಫಲ ಕೇಳುವುದಿಲ್ಲ, ತನ್ನಿಂದಾದಷ್ಟು ಕೊಡುತ್ತದೆ ಎಂಬುದು ‘ಗುಜ್ರಾಲ್ ಸೂತ್ರ’ದ ಮೊದಲ ಅಂಶ. ಪಟ್ಟಿಯಲ್ಲಿ ಪಾಕಿಸ್ತಾನದ ಹೆಸರಿರಲಿಲ್ಲ.

ಅದೇ ಡಿಸೆಂಬರ್ 12ರಂದು ದೇವೇಗೌಡ ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಗಂಗಾ ನೀರು ಹಂಚಿಕೆಯ 30 ವರ್ಷದ ಒಪ್ಪಂದಕ್ಕೆ ಸಹಿ ಮಾಡಿದರು. 1975ರಲ್ಲಿ ಫರಕ್ಕಾ ಅಣೆಕಟ್ಟೆ ಕೆಲಸ ಆರಂಭಿಸಿದಂದಿನಿಂದ ಕುದಿಯುತ್ತಿದ್ದ ಜಗಳ ಅದು. ಈ ಒಪ್ಪಂದದ ಹಿಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೊಡ್ಡ ಪಾತ್ರವಿತ್ತು. ಹದಿನೈದು ವರ್ಷಗಳ ನಂತರ, 2011ರ ಸೆಪ್ಟೆಂಬರ್‌ನಲ್ಲಿ, ಪ್ರಧಾನಿ ಮನಮೋಹನ ಸಿಂಗ್ ತೀಸ್ತಾ ನದಿಯ ಒಪ್ಪಂದಕ್ಕೆಂದು ಢಾಕಾಕ್ಕೆ ಹೊರಟಾಗ ಅದೇ ರಾಜ್ಯದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಜತೆಗೆ ಹೋಗಲು ನಿರಾಕರಿಸಿದರು. ಒಪ್ಪಂದ ಬಿದ್ದುಹೋಯಿತು. ನೀರಿನ ವಿಷಯದಲ್ಲಿ ರಾಜ್ಯವೊಂದರ ಮನಸ್ಸನ್ನು ಮೀರಿ ನಡೆಯುವುದು ಕೇಂದ್ರಕ್ಕೆ ಎಷ್ಟು ಕಷ್ಟವೆಂಬುದನ್ನು ಕಾವೇರಿಯ ಕಥೆ ಬಲ್ಲ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಲಂಕಾದ ಮಾತು ಬಂದರೆ ಮದರಾಸು, ಬಾಂಗ್ಲಾದೇಶದ ಮಾತು ಬಂದರೆ ಕಲ್ಕತ್ತಾ ಒಪ್ಪಬೇಕು. ಹೊರಗಿನವರ ಕಣ್ಣಿಗೆ ಒಂದೇ ಬಂಡೆಯಂತೆ ಕಾಣುವ ದೊಡ್ಡ ದೇಶ ಒಳಗೆ ಹಲವು ಮನೆಗಳ ವಠಾರ.

ಗಡಿಯ ತುಂಡುಭೂಮಿಗಳ ಕಥೆಯನ್ನು ನೋಡಿ. ಬಾಂಗ್ಲಾದೇಶದೊಳಗೆ ಭಾರತದ 111 ತುಣುಕುಗಳಿದ್ದವು, ಭಾರತದೊಳಗೆ ಬಾಂಗ್ಲಾದೇಶದ 51. ಅಲ್ಲಿನ ಜನರಿಗೆ ತಮ್ಮದೆನ್ನುವ ಸರ್ಕಾರದ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ. ಇವುಗಳನ್ನು ಬದಲಾಯಿಸಿಕೊಳ್ಳುವ ಒಪ್ಪಂದವನ್ನು ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರಹಮಾನ್ 1974ರಲ್ಲೇ ಮಾಡಿದ್ದರು. ಭಾರತದ ಸಂಸತ್ತು ಅದಕ್ಕೆ ಬೇಕಾದ ಸಂವಿಧಾನ ತಿದ್ದುಪಡಿಯನ್ನು ಒಪ್ಪಿದ್ದು 2015ರಲ್ಲಿ. ಆ ಜುಲೈ 31ರ ಮಧ್ಯರಾತ್ರಿ ತುಣುಕುಗಳು ಕೈಬದಲಾದವು. ನಲವತ್ತೊಂದು ವರ್ಷ ತಡವಾದರೂ, ಲೆಕ್ಕದಲ್ಲಿ ಭಾರತಕ್ಕೆ ಒಂದಿಷ್ಟು ನೆಲ ಕಡಿಮೆಯಾದರೂ, ನೆರೆಯವರ ವಿಶ್ವಾಸ ಗಳಿಸಿದ ಕೆಲಸಗಳಲ್ಲಿ ಅದೂ ಒಂದು.

ವ್ಯಾಪಾರದಲ್ಲೂ ಕೊಟ್ಟದ್ದೇ ಫಲ ಕೊಟ್ಟಿದೆ. ಶ್ರೀಲಂಕಾದೊಡನೆ 1998ರಲ್ಲಿ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಇಡೀ ಪ್ರದೇಶದ ಮುಕ್ತ ವ್ಯಾಪಾರ ಒಪ್ಪಂದ ‘ಸಾಫ್ತಾ’ ಜಾರಿಗೆ ಬಂದದ್ದು 2006ರಲ್ಲಿ. ಅತಿ ಹಿಂದುಳಿದ ಸದಸ್ಯರಿಗೆ 25 ವಸ್ತುಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಸುಂಕ ತೆಗೆಯುವುದಾಗಿ ಭಾರತ 2011ರಲ್ಲಿ ಪ್ರಕಟಿಸಿತು. ಹೀಗಿದ್ದೂ ಪ್ರದೇಶದ ಒಟ್ಟು ವ್ಯಾಪಾರದಲ್ಲಿ ಒಳಗಿನ ವ್ಯಾಪಾರದ ಪಾಲು ಶೇ 5ರ ಆಸುಪಾಸಿನಲ್ಲೇ ನಿಂತಿದೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಲ್ಲಿ ಅದು ಶೇ 20ಕ್ಕೂ ಮೇಲು.

ಹಿಂದೆ ನಿಂತವರ ಉದಾಹರಣೆ

ಎಲ್ಲ ತೊಡಕಿಗೂ ಪಾಕಿಸ್ತಾನವೇ ಕಾರಣ, ಅದನ್ನು ಬಿಟ್ಟು ಮುಂದೆ ಹೋಗೋಣ ಎಂಬ ವಾದವೊಂದಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಭಾರತ 1996ರಲ್ಲಿ ಕೊಟ್ಟ ಪರಮಾಪ್ತ ರಾಷ್ಟ್ರದ ಸ್ಥಾನವನ್ನು ಪಾಕಿಸ್ತಾನ ಎಂದೂ ಮರಳಿ ಕೊಡಲಿಲ್ಲ; 2019ರಲ್ಲಿ ಭಾರತವೂ ಅದನ್ನು ಹಿಂತೆಗೆದುಕೊಂಡಿತು. 2014ರ ಕಠ್ಮಂಡು ಸಭೆಯಲ್ಲಿ ವಾಹನ ಸಂಚಾರದ ಒಪ್ಪಂದ ಮುರಿದುಬಿದ್ದದ್ದು ಪಾಕಿಸ್ತಾನದಿಂದ. ಹಾಗಾಗಿ ಭಾರತ ಮರುವರ್ಷ ಭೂತಾನ, ನೇಪಾಳ, ಬಾಂಗ್ಲಾದೇಶಗಳನ್ನಷ್ಟೇ ಸೇರಿಸಿ ಥಿಂಪುವಿನಲ್ಲಿ ಅದೇ ಬಗೆಯ ಒಪ್ಪಂದ ಮಾಡಿತು. ಅದಕ್ಕೆ ಅಡ್ಡಿ ಬಂದದ್ದು ಯಾರಿಂದ? ಭಾರತದ ಅತಿ ಆಪ್ತ ನೆರೆಯಾದ ಭೂತಾನದಿಂದ. ಹೊರಗಿನ ಲಾರಿಗಳು ತಮ್ಮ ಕಿರಿದಾದ ಬೆಟ್ಟದ ರಸ್ತೆಗಳಿಗೆ ನುಗ್ಗಿದರೆ ಪರಿಸರದ ಗತಿಯೇನು, ನಮ್ಮ ಲಾರಿಯವರ ಹೊಟ್ಟೆಪಾಡೇನು ಎಂದು ಅಲ್ಲಿನ ಮೇಲ್ಮನೆ ಅದನ್ನು ತಿರಸ್ಕರಿಸಿತು. 1997ರಲ್ಲಿ ಹುಟ್ಟಿದ ‘ಬಿಮ್‌ಸ್ಟೆಕ್’ ಎಂಬ ಬಂಗಾಳ ಕೊಲ್ಲಿಯ ಕೂಟದಲ್ಲೂ ಪಾಕಿಸ್ತಾನವಿಲ್ಲ. 2025ರ ಏಪ್ರಿಲ್‌ವರೆಗೆ ಅದು ನಡೆಸಿದ ಶೃಂಗಸಭೆಗಳು ಆರು. ಆತಂಕದ ಬೇರು ಒಂದೇ ನೆರೆಯ ಹಗೆತನದಲ್ಲಿ ಇಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಗ್ನೇಯ ಏಷ್ಯಾದ ಆನೆ ಇಂಡೋನೇಷ್ಯಾ. 1963ರಿಂದ 1966ರವರೆಗೆ ಅದು ಮಲೇಷ್ಯಾವನ್ನು ಮುರಿಯಹೊರಟು ಸೇನೆಯನ್ನೂ ಬಳಸಿತ್ತು. ಸುಕರ್ಣೊ ಹೋಗಿ ಸುಹಾರ್ತೊ ಬಂದ ಮೇಲೆ, 1967ರ ಆಗಸ್ಟ್‌ನಲ್ಲಿ, ಬ್ಯಾಂಕಾಕ್‌ನಲ್ಲಿ ಆಸಿಯಾನ್ ಹುಟ್ಟಿತು. ಸಂಘದ ಕಾರ್ಯಾಲಯ ಜಕಾರ್ತಾದಲ್ಲಿದ್ದರೂ ಇಂಡೋನೇಷ್ಯಾ ತನ್ನ ಗಾತ್ರವನ್ನು ಮುಂದುಮಾಡದೆ ಪುಟ್ಟ ಸಿಂಗಪುರದ ಮಾತಿಗೂ ಸಮಾನ ಬೆಲೆ ಬರುವಂತೆ ನಡೆದುಕೊಂಡಿತು. ಆನೆ ಸುಮ್ಮನಿದ್ದುದರಿಂದ ಉಳಿದವರು ಹತ್ತಿರ ಬಂದರು. ಇಂಡೋನೇಷ್ಯಾದ ತೂಕ ಭಾರತದಷ್ಟಿಲ್ಲ, ಅದಕ್ಕೊಂದು ಪಾಕಿಸ್ತಾನವೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಹೋಲಿಕೆ ವ್ಯರ್ಥವಲ್ಲ.

ಭಾರತದ ಬಳಿಯೂ ಇಂಥ ಉದಾಹರಣೆ ಇಲ್ಲದಿಲ್ಲ. 2022ರಲ್ಲಿ ಶ್ರೀಲಂಕಾ ದಿವಾಳಿ ಎದ್ದಾಗ ಸುಮಾರು 400 ಕೋಟಿ ಡಾಲರ್ ನೆರವಿನೊಡನೆ ಮೊದಲು ಬಂದದ್ದು ಭಾರತ. ಅದಕ್ಕಿಂತ ಸದ್ದಿಲ್ಲದೆ ನಡೆದದ್ದು 2024ರ ನವೆಂಬರ್‌ನ ಒಂದು ಘಟನೆ. ನೇಪಾಳದ ನದಿಗಳ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಹರಿದು ಬಾಂಗ್ಲಾದೇಶ ಸೇರಿತು. ಅದೇ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಪದಚ್ಯುತರಾಗಿ ಭಾರತಕ್ಕೆ ಬಂದಿದ್ದರು, ದೆಹಲಿ ಮತ್ತು ಢಾಕಾ ಮುಖ ತಿರುಗಿಸಿಕೊಂಡಿದ್ದವು. ಜುಲೈನಿಂದ ಮೈತ್ರಿ ಎಕ್ಸ್‌ಪ್ರೆಸ್ ಕೂಡ ನಿಂತಿತ್ತು. ಆದರೂ ವಿದ್ಯುತ್ತು ಹರಿಯಿತು. ಮಾರುವವರು ನೇಪಾಳದವರು, ಕೊಳ್ಳುವವರು ಬಾಂಗ್ಲಾದೇಶದವರು. ಭಾರತದ ಪಾತ್ರ ದಾರಿ ಬಿಡುವುದಷ್ಟೇ. ಒಂದು ದೊಡ್ಡ ಊರಿಗೂ ಸಾಲದಷ್ಟು ವಿದ್ಯುತ್ತು ಅದು. ಆದರೆ ನಲವತ್ತು ವರ್ಷಗಳ ಘೋಷಣೆಗಳಿಗೆ ಸಿಗದ ಸೂಚನೆಯೊಂದು ಅದರಲ್ಲಿದೆ. ದಕ್ಷಿಣ ಏಷ್ಯಾದ ನಡುವೆ ನಿಂತಿರುವ ಆನೆ ತುಸು ಪಕ್ಕಕ್ಕೆ ಸರಿದರೂ ಸಾಕು, ಅಲ್ಲೊಂದು ದಾರಿಯಾಗುತ್ತದೆ.